ಕೊಟ್ಟಿಗೆಯ ಜೇಡಕ್ಕೆ ವಿಷ ಬೇಡ, ಕಸಬರಿಗೆ ಸಾಕು

ಮಳೆ ಹಿಂದಾಗುತ್ತಿದ್ದಂತೆ ಅಂಕೋಲಾ ತಾಲೂಕಿನ ಬೊಬ್ರುವಾಡ, ಬೇಲೆಕೇರಿ, ಅವರ್ಸಾ ಕಡೆಯ ಮನೆಗಳಲ್ಲಿ ಜೇಡರ ಬಲೆಯ ಕಾಟ ಶುರುವಾಗುತ್ತದೆ. ಹೆಂಚಿನ ಅಡಿ, ಪಕಾಸಿನ ಸಂದು, ಹುಲ್ಲು ಪೇರಿಸಿದ ಅಟ್ಟ, ಎಲ್ಲಿ ನೋಡಿದರೂ ಬಲೆ. ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಗಳಿಗೂ ಕೊಟ್ಟಿಗೆಗೂ ನಡುವೆ ಇರುವುದು ಒಂದೇ ಗೋಡೆ. ಹಾಗಾಗಿ ಕೊಟ್ಟಿಗೆಯ ಜೇಡ ಅಡುಗೆಮನೆಗೂ ಬರುತ್ತದೆ. ದೀಪಾವಳಿಯ ಗೋಪೂಜೆಗೆ ಮೊದಲು ಎಲ್ಲವನ್ನೂ ಒಮ್ಮೆ ಚೊಕ್ಕ ಮಾಡಬೇಕೆಂದು ಹೊರಟಾಗ ರೈತರು ಕೇಳುವ ಪ್ರಶ್ನೆ ಹೆಚ್ಚಾಗಿ ಇದೇ: "ಡಾಕ್ಟ್ರೇ, ಉಣ್ಣೆಗೆ ತಂದ ಔಷಧಿ ಸ್ವಲ್ಪ ಉಳಿದಿದೆ, ಮಾಡಿಗೆ ಹೊಡೆದುಬಿಡಲೇ?"

ಬೇಡ. ಯಾಕೆ ಬೇಡ, ಅದರ ಬದಲು ಮನೆಯಲ್ಲೇ ಏನು ಮಾಡಬಹುದು ಎನ್ನುವುದನ್ನು ಇಲ್ಲಿ ತಿಳಿಸಿದ್ದೇನೆ.

ಉಣ್ಣೆಯ ಔಷಧಿ ಮಾಡಿಗೆ ಯಾಕೆ ಬೇಡ?

ಉಣ್ಣೆಗೆ ಬಳಸುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ನಂಥ ಔಷಧಿಗಳು ಕೊಬ್ಬಿನಲ್ಲಿ ಕರಗುತ್ತವೆ. ಮಾಡಿಗೆ ಹೊಡೆದ ಔಷಧಿ ಹನಿಯಾಗಿ, ಧೂಳಾಗಿ ಗೋದಲಿಯ ಹುಲ್ಲಿಗೂ ಕುಡಿಯುವ ನೀರಿಗೂ ಬೀಳುತ್ತದೆ. ಹಸು ಅದನ್ನು ತಿಂದರೆ ಅಂಶ ಹಾಲಿನ ಕೊಬ್ಬಿಗೆ ಸೇರುತ್ತದೆ. ಆ ಹಾಲು ನಿಮ್ಮ ಮನೆಯ ಮಗುವಿಗೂ ಹೋಗುತ್ತದೆ, ಸಂಘದ ಕ್ಯಾನಿಗೂ ಹೋಗುತ್ತದೆ. ಕಾಯಿಸಿದರೆ ಹೋಗುವ ವಿಷ ಇದಲ್ಲ. ಕೊಟ್ಟಿಗೆ ತೊಳೆದ ನೀರು ಹಳ್ಳ ಸೇರಿದರೆ ಮೀನು, ಸಿಗಡಿಗಳೂ ಸಾಯುತ್ತವೆ. ಈ ಜಾತಿಯ ಕೆಲವು ಔಷಧಿಗಳು ಬೆಕ್ಕಿನ ಜೀವಕ್ಕೂ ಅಪಾಯ.

ಉಣ್ಣೆಯ ಔಷಧಿಯನ್ನು ಉಣ್ಣೆಗೆ ಮಾತ್ರ, ಪಶುವೈದ್ಯರು ಹೇಳಿದ ಅಳತೆಯಲ್ಲೇ ಬಳಸಿ.

ಜೇಡ ಹಸುವಿನ ಶತ್ರುವೇ?

ಅಲ್ಲ. ಜೇಡದ ಆಹಾರ ನೊಣ, ಸೊಳ್ಳೆ, ಜಿರಲೆ. ಪ್ರಪಂಚದ ಜೇಡಗಳೆಲ್ಲ ಸೇರಿ ವರ್ಷಕ್ಕೆ 40ರಿಂದ 80 ಕೋಟಿ ಟನ್ ಹುಳುಹುಪ್ಪಟೆ ತಿನ್ನುತ್ತವೆ ಎಂದು 2017ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಚರ್ಮಗಂಟು ರೋಗ, ಮೂರು ದಿನದ ಜ್ವರ, ಸರ್ರಾ, ಇವೆಲ್ಲ ಹರಡುವುದು ಕಚ್ಚುವ ನೊಣ, ಸೊಳ್ಳೆಗಳಿಂದ. ಅವನ್ನು ಹಿಡಿದು ತಿನ್ನುವ ಜೇಡ ನಮ್ಮ ಕಡೆಯದು. ರಾತ್ರಿ ಗೋಡೆಯ ಮೇಲೆ ಓಡುವ, ಅಂಗೈಯಗಲದ ಚಪ್ಪಟೆ ಕಂದು ಜೇಡವನ್ನು ಕಂಡರೆ ಹೆಂಗಸರು ಮಕ್ಕಳು ಹೆದರುತ್ತಾರೆ. ಅದು ಬಲೆ ಕಟ್ಟುವುದಿಲ್ಲ, ಜಿರಲೆ ಬೇಟೆಯಾಡುತ್ತದೆ, ತಾನಾಗಿ ಮನುಷ್ಯರ ಮೈಮೇಲೆ ಬರುವುದಿಲ್ಲ.

ಎಂಟು ಕಾಲಿನ ಜೀವಿಗಳಲ್ಲಿ ಹೈನುಗಾರ ಹೆದರಬೇಕಾದ್ದು ಜೇಡದ ದೂರದ ನೆಂಟ ಉಣ್ಣೆಗೆ. ಥೈಲೇರಿಯಾ, ಬೆಬೇಸಿಯಾದಂಥ ರೋಗ ತರುವುದು ಅದು.

ಇಲ್ಲೊಂದು ಮುಖ್ಯ ಮಾತು. ಬೆಳಿಗ್ಗೆ ಕೆಚ್ಚಲು ಊದಿಕೊಂಡಿದ್ದರೆ "ರಾತ್ರಿ ಜೇಡ ಕಚ್ಚಿರಬೇಕು" ಎಂದು ಅರಿಶಿನ ಹಚ್ಚಿ ಎರಡು ದಿನ ಕಾಯುವವರಿದ್ದಾರೆ. ಕೆಚ್ಚಲು ಬಿಸಿಯಾಗಿ, ಗಟ್ಟಿಯಾಗಿ, ಹಾಲಿನಲ್ಲಿ ಗರಣೆ ಅಥವಾ ನೀರು ಬರುತ್ತಿದ್ದರೆ ಅದು ಬಹುಮಟ್ಟಿಗೆ ಕೆಚ್ಚಲು ಬಾವು. ಆ ಎರಡು ದಿನದಲ್ಲಿ ಒಂದು ಮೊಲೆ ಶಾಶ್ವತವಾಗಿ ಹಾಳಾಗಬಹುದು. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ ಅಥವಾ 1962ಕ್ಕೆ ಕರೆ ಮಾಡಿ.

ಹಾಗಾದರೆ ಬಲೆ ಯಾಕೆ ತೆಗೆಯಬೇಕು?

ತೊಂದರೆ ಜೇಡದಿಂದಲ್ಲ, ಹಳೆಯ ಬಲೆಯಿಂದ. ಬಲೆಯಲ್ಲಿ ಹುಲ್ಲಿನ ಧೂಳು, ಒಣ ಸಗಣಿಯ ಪುಡಿ, ಸತ್ತ ಹುಳ ಎಲ್ಲ ಸಿಕ್ಕಿಕೊಂಡಿರುತ್ತದೆ. ಗಾಳಿ ಬೀಸಿದಾಗ ಅದು ಕರೆಯುವ ಪಾತ್ರೆಗೆ ಉದುರಿದರೆ ಹಾಲಿನಲ್ಲಿ ರೋಗಾಣು ಹೆಚ್ಚಿ ಹಾಲು ಬೇಗ ಕೆಡುತ್ತದೆ. ಬಲ್ಬು, ಸ್ವಿಚ್ ಬೋರ್ಡಿನ ಸುತ್ತ ಧೂಳು ತುಂಬಿದ ಬಲೆ ಇದ್ದು ಪಕ್ಕದಲ್ಲೇ ಒಣಹುಲ್ಲಿದ್ದರೆ ಬೆಂಕಿಯ ಭಯವೂ ಉಂಟು.

ಆದ್ದರಿಂದ ನಾಲ್ಕು ಜಾಗದಲ್ಲಿ ಬಲೆ ಇರಕೂಡದು: ಹಾಲು ಕರೆಯುವಲ್ಲಿ, ಗೋದಲಿಯ ಮೇಲೆ, ಹಾಲಿನ ಪಾತ್ರೆ ಇಡುವಲ್ಲಿ, ಕರೆಂಟಿನ ಸಾಮಾನಿನ ಸುತ್ತ. ಗೊಬ್ಬರಗುಂಡಿಯ ಬದಿ, ಹಿತ್ತಲು, ಬಾಳೆ ಬುಡದಲ್ಲಿರುವ ಜೇಡಗಳನ್ನು ಬಿಟ್ಟುಬಿಡಿ. ಅಲ್ಲಿ ಅವು ನಿಮ್ಮ ಕೆಲಸವನ್ನೇ ಮಾಡುತ್ತಿರುತ್ತವೆ.

ಮನೆಯಲ್ಲೇ ಮಾಡಬಹುದಾದ ಉಪಾಯಗಳು

1. ಕಸಬರಿಗೆ: ಉದ್ದ ಬಿದಿರಿಗೆ ತೆಂಗಿನಕಡ್ಡಿಯ ಕಸಬರಿಗೆ ಕಟ್ಟಿ, ಅದಕ್ಕೆ ಒದ್ದೆ ಬಟ್ಟೆ ಸುತ್ತಿ ಎಂಟು ದಿನಕ್ಕೊಮ್ಮೆ ಬಲೆ ತೆಗೆಯಿರಿ. ಹಾಲು ಕರೆಯುವ ಮೊದಲು ಈ ಕೆಲಸ ಬೇಡ. ಕರೆದು, ಹಾಲು ಸಂಘಕ್ಕೆ ಹೋದ ಮೇಲೆ, ದನಗಳನ್ನು ಹೊರಗೆ ಕಟ್ಟಿ ಮಾಡಿ. ಗೋದಲಿಯಲ್ಲಿ ಉಳಿದ ಹುಲ್ಲು, ನೀರು ಮೊದಲೇ ತೆಗೆದಿಡಿ. ಸಂದಿನಲ್ಲಿ ಹತ್ತಿಯ ಉಂಡೆಯಂತೆ ಕಾಣುವುದು ಮೊಟ್ಟೆಯ ಚೀಲ. ಒಂದೊಂದರಲ್ಲಿ ಹತ್ತಾರರಿಂದ ನೂರಾರು ಮೊಟ್ಟೆ ಇರುತ್ತವೆ. ಅದನ್ನು ಸೋಪಿನ ನೀರಿಗೆ ಹಾಕಿ.

2. ನೊಣ ಕಡಿಮೆ ಮಾಡಿ: ಊಟ ಇಲ್ಲದ ಕಡೆ ಜೇಡ ನಿಲ್ಲುವುದಿಲ್ಲ. ಬೆಚ್ಚಗಿನ ಹವೆಯಲ್ಲಿ ನೊಣದ ಮೊಟ್ಟೆ ಹಾರುವ ನೊಣವಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಸಗಣಿಯನ್ನು ದಿನವೂ ತೆಗೆದು ಗುಂಡಿಗೆ ಹಾಕಿ ಮೇಲೆ ಮಣ್ಣು ಅಥವಾ ದರಕು ಮುಚ್ಚಿ. ಸೊಪ್ಪು ಹಾಸುವ ಕೊಟ್ಟಿಗೆಯಾದರೆ ಒದ್ದೆಯಾದ ಹಾಸನ್ನು ವಾರಗಟ್ಟಲೆ ಬಿಡಬೇಡಿ. ಗಂಜಲ ನಿಲ್ಲದಂತೆ ಕಾಲುವೆ ಮಾಡಿ.

3. ದೀಪ: ಬಿಳಿ ಎಲ್‌ಇಡಿ ಬಲ್ಬಿಗೆ ಹುಳ ಹೆಚ್ಚು ಬರುತ್ತವೆ, ಅವುಗಳ ಹಿಂದೆ ಜೇಡ ಬರುತ್ತದೆ. ಹಳದಿ ಬೆಳಕಿನ ಬಲ್ಬು ಹಾಕಿ, ಕೆಲಸ ಮುಗಿದ ಮೇಲೆ ಆರಿಸಿ.

4. ಸಂದು ಮತ್ತು ಸುಣ್ಣ: ಕಿಟಕಿ, ಬಾಗಿಲ ಚೌಕಟ್ಟು, ಚಿರೇಕಲ್ಲಿನ ಸಂದುಗಳನ್ನು ಸಿಮೆಂಟು ಅಥವಾ ಮಣ್ಣಿನಿಂದ ಮೆತ್ತಿ. ಮಳೆಗೆ ಮೊದಲೊಮ್ಮೆ, ಮಳೆಯ ನಂತರ ಒಮ್ಮೆ ಗೋಡೆಗೆ ಸುಣ್ಣ ಬಳಿಯಿರಿ. ಬಲೆ, ಮೊಟ್ಟೆ ಹೋಗುವುದಲ್ಲದೆ ಗೋಡೆಯ ರೋಗಾಣುಗಳೂ ಕಡಿಮೆಯಾಗುತ್ತವೆ. ಕಣ್ಣಿಗೆ ಹಾರದಂತೆ ಎಚ್ಚರ ವಹಿಸಿ, ಒಣಗುವವರೆಗೆ ದನ ಕಟ್ಟಬೇಡಿ.

5. ಬೇವಿನ ಎಣ್ಣೆ (ಮನೆಗೆ): 1 ಲೀಟರ್ ಬೆಚ್ಚಗಿನ ನೀರಿಗೆ 1 ಚಮಚ ಬೇವಿನ ಎಣ್ಣೆ, ಅರ್ಧ ಚಮಚ ಪಾತ್ರೆ ತೊಳೆಯುವ ದ್ರವ ಸೋಪು ಹಾಕಿ ಚೆನ್ನಾಗಿ ಕುಲುಕಿ. ಬಲೆ ತೆಗೆದ ಮೇಲೆ ಕಿಟಕಿ, ಬಾಗಿಲಿನ ಅಂಚಿಗೆ ಸಿಂಪಡಿಸಿ. ಇದರ ಪರಿಣಾಮ ಕೆಲವೇ ದಿನ, ಆಗಾಗ ಮಾಡಬೇಕು. ಕಸಬರಿಗೆಯ ಕೆಲಸವನ್ನು ಇದು ಮಾಡಲಾರದು.

6. ಪುದೀನ ಎಣ್ಣೆ (ಮನೆಗೆ): ಜೇಡ ವಾಸನೆ, ರುಚಿಯನ್ನು ಕಾಲಿನ ರೋಮಗಳಿಂದ ತಿಳಿಯುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರು ಜಾತಿಯ ಜೇಡಗಳನ್ನು ಪರೀಕ್ಷಿಸಿದರು. ಪುದೀನ ಜಾತಿಯ ಎಣ್ಣೆಯಿಂದ ಎರಡು ಜಾತಿ ದೂರ ಸರಿದವು. ಎಲ್ಲರೂ ಹೇಳುವ ನಿಂಬೆ ಎಣ್ಣೆಗೆ ಯಾವುದೂ ಜಗ್ಗಲಿಲ್ಲ. ಹಾಗಾಗಿ ನಿಂಬೆ ಸಿಪ್ಪೆಗೆ ಶ್ರಮ ಬೇಡ. ಪುದೀನ ಎಣ್ಣೆಯ ಕೆಲವು ಹನಿಯನ್ನು ಹತ್ತಿಗೆ ಹಾಕಿ ಕಿಟಕಿಯ ಮೂಲೆಯಲ್ಲಿಡಬಹುದು. ಮನೆಯಲ್ಲಿ ಬೆಕ್ಕಿದ್ದರೆ ಅದೂ ಬೇಡ, ಬೆಕ್ಕಿಗೆ ಇಂಥ ಎಣ್ಣೆ ಒಗ್ಗುವುದಿಲ್ಲ.

ಐದು ಮತ್ತು ಆರನೆಯದನ್ನು ಮನೆಗೆ ಎಂದು ಬರೆದದ್ದಕ್ಕೆ ಕಾರಣವಿದೆ. ಹಾಲು ಸುತ್ತಲಿನ ವಾಸನೆಯನ್ನು ಬೇಗ ಎಳೆದುಕೊಳ್ಳುತ್ತದೆ. ಕರೆಯುವ ಜಾಗದಲ್ಲಿ ಬೇವು, ಪುದೀನ, ಫಿನಾಯಿಲ್, ಯಾವುದರ ಘಾಟು ಇದ್ದರೂ ಅದು ಹಾಲಿಗೆ ಬರುತ್ತದೆ. ಸಂಘದಲ್ಲಿ ಕ್ಯಾನಿನ ಮುಚ್ಚಳ ತೆಗೆದು ಮೂಸಿದಾಗ ಅದು ಗೊತ್ತಾಗುತ್ತದೆ, ಹಾಲು ವಾಪಸ್ ಬರುತ್ತದೆ. ಕೊಟ್ಟಿಗೆಯಲ್ಲಿ ಕಸಬರಿಗೆ, ಸುಣ್ಣ, ನೀರು ಇಷ್ಟೇ ಇರಲಿ.

ಇವನ್ನು ಮಾಡಬೇಡಿ

• ಸೀಮೆಎಣ್ಣೆ, ಡೀಸೆಲ್ ಹೊಡೆಯಬೇಡಿ. ಹಾಲಿಗೆ ವಾಸನೆ, ಹುಲ್ಲಿಗೆ ಬೆಂಕಿ, ಎರಡೂ ಅಪಾಯ.
• ನುಸಿಗುಳಿಗೆಯನ್ನು ಮೂಲೆಗಳಲ್ಲಿ ಇಡಬೇಡಿ. ಕರು ನೆಕ್ಕಿದರೆ, ಮಗು ಬಾಯಿಗೆ ಹಾಕಿಕೊಂಡರೆ ವಿಷ.
• ಸೋಗೆ, ಮಡ್ಲಿನ ಮಾಡಿನ ಕೆಳಗೆ ಬೆಂಕಿ ಹಾಕಿ ಬಲೆ ಸುಡಬೇಡಿ. ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆ ತುಂಬಿಸಿದರೆ ದನಗಳ ಶ್ವಾಸಕೋಶಕ್ಕೆ ಕೆಟ್ಟದ್ದು.
• ಔಷಧಿಯ ಖಾಲಿ ಬಾಟಲಿಯಲ್ಲಿ ಬೇವಿನ ದ್ರಾವಣ ತುಂಬಬೇಡಿ. ಔಷಧಿ ಹೊಡೆದ ಪಂಪನ್ನೂ ಬಳಸಬೇಡಿ.

ಜೇಡ ಮನುಷ್ಯರಿಗೆ ಕಚ್ಚುವುದು ಅಪರೂಪ. ಕಚ್ಚಿದರೆ ಸೋಪು ನೀರಿನಲ್ಲಿ ತೊಳೆದು ತಣ್ಣೀರ ಬಟ್ಟೆ ಇಡಿ. ನೋವು, ಊತ ಏರುತ್ತಾ ಹೋದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಈ ವಾರವೇ ಬಿದಿರು, ಕಸಬರಿಗೆ ಹಿಡಿದು ಕರೆಯುವ ಜಾಗದಿಂದ ಶುರು ಮಾಡಿ. ಉಳಿದ ಉಣ್ಣೆಯ ಔಷಧಿಯನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಅದನ್ನು ಬಳಸುವ ಮುಂಚೆ ನಿಮ್ಮ ಪಶುವೈದ್ಯರನ್ನು ಕೇಳಿ.