12 ವೋಲ್ಟ್ ಬ್ಯಾಟರಿಗೆ ಫ್ಯೂಸ್ ಬೇಡವೇ? ವ್ಯಾನ್‌ಗೆ ವೈರಿಂಗ್ ಮಾಡಿಸುವ ಮುನ್ನ ಓದಿ

ಹಳೆಯ ಓಮ್ನಿಗೋ ಟೆಂಪೊ ಟ್ರಾವೆಲರ್‌ಗೋ ಎರಡನೇ ಬ್ಯಾಟರಿ ಕೂರಿಸಿ, ಫ್ಯಾನು, ಲೈಟು ಹಾಕಿಸಿಕೊಂಡು ಊರೂರು ಸುತ್ತುವವರ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ತುಮಕೂರಿನ ಸದಾಶಿವನಗರದಿಂದ ದೇವರಾಯನದುರ್ಗಕ್ಕೋ ಚಿಕ್ಕಮಗಳೂರಿಗೋ ಹೊರಡುವ ಕುಟುಂಬಕ್ಕೆ ಆಸೆ ಹುಟ್ಟಿಸುವ ವಿಷಯವೇ. ಆದರೆ ಜೊತೆಗೆ ಒಂದು ಮಾತೂ ಓಡಾಡುತ್ತದೆ: "12 ವೋಲ್ಟ್ ಅಷ್ಟೇ, ಶಾಕ್ ಹೊಡೆಯಲ್ಲ. ಫ್ಯೂಸ್ ಯಾಕೆ?"

ಈ ಮಾತು ನಿಜವೇ? ನೋಡೋಣ.

ಶಾಕ್ ಹೊಡೆಯುವುದಿಲ್ಲವೇ?
ಇದು ಬಹುಮಟ್ಟಿಗೆ ನಿಜ. ಒಣ ಚರ್ಮದ ಮೂಲಕ ಅಪಾಯವಾಗುವಷ್ಟು ಕರೆಂಟ್ ಹರಿಸಲು 12 ವೋಲ್ಟ್ ಸಾಲದು.

ಹಾಗಾದರೆ ಫ್ಯೂಸ್ ಬೇಡವೇ?
ಬೇಕೇ ಬೇಕು. ಇಲ್ಲಿರುವ ಅಪಾಯ ಶಾಕ್ ಅಲ್ಲ, ಬೆಂಕಿ. ಗಾಡಿ ಸ್ಟಾರ್ಟ್ ಮಾಡುವಾಗ ಇದೇ 12 ವೋಲ್ಟ್ ಬ್ಯಾಟರಿ ನೂರಕ್ಕೂ ಹೆಚ್ಚು ಆಂಪಿಯರ್ ಕೊಡುತ್ತದೆ. ಪ್ಲಸ್ ವೈರಿನ ಸಿಪ್ಪೆ ಸವೆದು ಗಾಡಿಯ ಬಾಡಿಗೆ ತಗುಲಿದರೆ ಅದಕ್ಕಿಂತಲೂ ಹೆಚ್ಚು ಹರಿಯಬಹುದು.

ಒಂದು ಲೆಕ್ಕ ನೋಡಿ. 1000 ವಾಟ್ ಉಪಕರಣಕ್ಕೆ ಮನೆಯ 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಸಾಕು. 12 ವೋಲ್ಟ್‌ನಲ್ಲಿ 83 ಆಂಪಿಯರ್ ಬೇಕು. ಇನ್ವರ್ಟರ್‌ನಲ್ಲಿ ಆಗುವ ನಷ್ಟ ಸೇರಿದರೆ 100ರ ಹತ್ತಿರ. ಮನೆ ವೈರಿಂಗ್‌ಗೆ ಬಳಸುವ ಎರಡೂವರೆ ಎಂಎಂ ತಾಮ್ರದ ವೈರ್ ಹೋಗಿಬರಲು ಒಟ್ಟು 6 ಮೀಟರ್ ಇದೆ ಅನ್ನಿ. ಅದರಲ್ಲಿ 100 ಆಂಪಿಯರ್ ಹರಿದರೆ ಸುಮಾರು 440 ವಾಟ್ ಶಾಖ ಹುಟ್ಟುತ್ತದೆ. ಇಸ್ತ್ರಿ ಪೆಟ್ಟಿಗೆಯ ಅರ್ಧದಷ್ಟು ಬಿಸಿ, ಸೀಟಿನ ಕೆಳಗೆ!

ನಂಬಿಕೆ ಬಾರದಿದ್ದರೆ ಮನೆಯ ಯುಪಿಎಸ್ ನೋಡಿ. ಬ್ಯಾಟರಿಯಿಂದ ಬರುವ ಕೇಬಲ್ ದಪ್ಪ, ಗೋಡೆಯ ಪ್ಲಗ್ಗಿಗೆ ಹೋಗುವ ವೈರ್ ತೆಳು. ಕಾರಣ ಇದೇ ಲೆಕ್ಕ.

ಏನು ಮಾಡಬೇಕು?
• ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ. ಬ್ಯಾಟರಿಗೂ ಫ್ಯೂಸ್‌ಗೂ ನಡುವಿನ ವೈರಿಗೆ ರಕ್ಷಣೆ ಇರುವುದಿಲ್ಲ, ಹಾಗಾಗಿ ಅದು ಗಿಡ್ಡವಿದ್ದಷ್ಟೂ ಒಳ್ಳೆಯದು.
• ಫ್ಯೂಸ್ ಕಾಯುವುದು ಮೊದಲು ವೈರನ್ನು. ವೈರ್ ತಡೆಯುವ ಆಂಪಿಯರ್‌ಗಿಂತ ದೊಡ್ಡ ಫ್ಯೂಸ್ ಹಾಕಬೇಡಿ. ಸುಟ್ಟ ಫ್ಯೂಸ್ ಜಾಗಕ್ಕೆ ತಂತಿ ಸುತ್ತಲೇಬೇಡಿ.
• ಡಿಸಿಗೆಂದೇ ತಯಾರಾದ ಫ್ಯೂಸ್ ಕೇಳಿ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಕಿಡಿ ಬೇಗ ಆರುತ್ತದೆ. ಡಿಸಿಯಲ್ಲಿ ಹಾಗಾಗದು.
• ಲೆಡ್ ಆ್ಯಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ. 4 ಸೇರಿದರೂ ಕಿಡಿಗೆ ಹೊತ್ತಿಕೊಳ್ಳಬಹುದು. ಆ ಹೊಗೆ ಗಾಡಿಯ ಹೊರಗೆ ಹೋಗುವಂತಿರಲಿ.
• ಇಂಜಿನ್ ಬ್ಯಾಟರಿ ಮತ್ತು ಎರಡನೇ ಬ್ಯಾಟರಿ ನಡುವೆ ಐಸೊಲೇಟರ್ ಹಾಕಿಸಿ. ಇಲ್ಲದಿದ್ದರೆ ರಾತ್ರಿಯೆಲ್ಲಾ ಫ್ಯಾನ್ ತಿರುಗಿ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದು.

ನಮ್ಮ ತೀರ್ಮಾನ
"12 ವೋಲ್ಟ್ ಶಾಕ್ ಹೊಡೆಯಲ್ಲ" ಎಂಬುದು ಬಹುಮಟ್ಟಿಗೆ ನಿಜ. "ಆದ್ದರಿಂದ ಫ್ಯೂಸ್ ಬೇಡ" ಎಂಬುದು ತಪ್ಪು. ವ್ಯಾನಿನಲ್ಲಿ ಮಕ್ಕಳು ಮಲಗಿರುತ್ತಾರೆ, ಹೊರಬರಲು ಒಂದೋ ಎರಡೋ ಬಾಗಿಲು. ಆ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿದ್ದರೆ, ಅದರ ಕೆಳಗೆ ಈ ಲೇಖನವನ್ನೂ ಹಾಕಿ.