ಮರಳಿಗೆ ಇಳಿಯುವ ದಾರಿ

ವಿಶಾಖಪಟ್ಟಣಕ್ಕೆ ಪ್ರವಾಸ ಬಂದ ಶಾಲಾ ಮಕ್ಕಳು ಬೀಚ್ ರೋಡಿನ ಕುರ್ಸುರಾ ಜಲಾಂತರ್ಗಾಮಿಯನ್ನು ನೋಡದೆ ಹೋಗುವುದಿಲ್ಲ. ಮರಳ ಮೇಲೆ ನಿಂತಿರುವ ಈ ಹಡಗು 2002ರಿಂದ ವಸ್ತುಸಂಗ್ರಹಾಲಯ. ಒಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಕಿಂಡಿಯಲ್ಲಿ ತಲೆ ಬಗ್ಗಿಸಿ, ಕಾಲೆತ್ತಿ ದಾಟಬೇಕು. ಗಾಲಿಕುರ್ಚಿಯ ಮಗುವಿಗೆ ಅದು ಆಗದ ಮಾತು. ಹಡಗನ್ನು ದೂರಿ ಫಲವಿಲ್ಲ, ಅದನ್ನು ಕಟ್ಟಿದ್ದು ನಾವಿಕರಿಗಾಗಿ.

ಇದೇ ರಸ್ತೆಯ ಆಲ್ ಎಬಿಲಿಟೀಸ್ ಪಾರ್ಕನ್ನು ಕಟ್ಟಿದ್ದೇ ಇಂಥ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು. ಸ್ಮಾರ್ಟ್ ಸಿಟಿ ಯೋಜನೆಯಡಿ ಮಹಾನಗರಪಾಲಿಕೆ ಮಾಡಿಸಿದ್ದು. ನೆಲಕ್ಕೆ ಮೆತ್ತನೆಯ ಹಾಸು, ಆಟದ ಅಟ್ಟಕ್ಕೆ ಹತ್ತಲು ಇಳಿಜಾರು. ಜೋಕಾಲಿಯ ಹತ್ತಿರ ಒಬ್ಬ ಹುಡುಗ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದ. ಮುಂದಿದ್ದ ಹುಡುಗಿ ಇಳಿಯುವ ಲಕ್ಷಣವಿರಲಿಲ್ಲ. ತಾಯಿ ಅವಸರ ಮಾಡಲಿಲ್ಲ. ಹುಡುಗಿ ಇಳಿದ ಮೇಲೆ, "ಇಪ್ಪುಡು ನೀ ವಂತು, ನಾನ್ನಾ" ಎಂದರು. ಈಗ ನಿನ್ನ ಸರದಿ. ಹುಡುಗ ಕಿವಿಯಿಂದ ಒಂದು ಕೈ ತೆಗೆದು ಸರಪಳಿ ಹಿಡಿದ, ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ. ಕಾಯುವುದು, ಗದ್ದಲ ತಾಳಿಕೊಳ್ಳುವುದು, ಪರಿಚಯವಿಲ್ಲದ ಮಗುವಿನ ಪಕ್ಕ ನಿಲ್ಲುವುದು: ನಾಲ್ಕು ಗೋಡೆಯ ನಡುವೆ ಚಿತ್ರದ ಕಾರ್ಡು ತೋರಿಸಿ ಇವನ್ನು ಎಷ್ಟು ಹೇಳಿಕೊಟ್ಟರೂ ಇಲ್ಲಿಯಷ್ಟು ನಾಟುವುದಿಲ್ಲ.

ಬೆಂಗಳೂರಿನ ಕೋಲ್ಸ್ ಪಾರ್ಕಿನಲ್ಲಿ ಇಂಥದೇ ಜಾಗ ಆಗಿದ್ದು 'ಕಿಲಿಕಿಲಿ' ಎಂಬ ಪೋಷಕರ ಬಳಗ ಪಾಲಿಕೆಯ ಜೊತೆ ಕೂತು ಕೆಲಸ ಮಾಡಿದ್ದರಿಂದ. ಎಲ್ಲ ಮಕ್ಕಳೂ ಒಟ್ಟಿಗೆ ಆಡಬೇಕೆಂಬುದು ಅವರ ಹಟ. ನನ್ನ ಪಕ್ಷವೂ ಅದೇ. ಬೇರೆ ಬೇಲಿ ಹಾಕಿ ಕೊಟ್ಟ ಪಾರ್ಕು ಎಷ್ಟು ಚೆಂದವಿದ್ದರೂ ಬೇಡ.

ವಿಶಾಖಪಟ್ಟಣದ ಪಾರ್ಕಿನಿಂದ ಸಮುದ್ರ ಕಾಣುತ್ತದೆ. ಮರಳಿಗೆ ಇಳಿದರೆ ಗಾಲಿಕುರ್ಚಿಯ ಚಕ್ರ ಹೂತುಹೋಗುತ್ತದೆ. ಚೆನ್ನೈನ ಮರೀನಾದಲ್ಲಿ 2022ರಲ್ಲಿ ಮರಳ ಮೇಲೆ ಮರದ ಹಾದಿ ಹಾಸಿ ನೀರಿನ ಹತ್ತಿರದವರೆಗೂ ಒಯ್ದರು. ಅಂಥ ಹಾದಿ ಈ ಕಡಲಿಗೂ ಬೇಕು. ಒದ್ದೆ ಮರಳು, ಉಪ್ಪು ಗಾಳಿ, ಪಾದದ ಕೆಳಗಿಂದ ಜಾರುವ ನೀರು ಇವೆಲ್ಲ ಪಾಠವೇ.

ವಿಜಯವಾಡದಲ್ಲಿ ಕಡಲಿನ ಬದಲು ಕೃಷ್ಣೆ. 2016ರ ಪುಷ್ಕರದ ನದೀಸ್ನಾನಕ್ಕೆ ಸಜ್ಜುಗೊಳಿಸಿದ ಘಾಟ್‌ಗಳಲ್ಲಿ ನೀರಿನವರೆಗೂ ಮೆಟ್ಟಿಲೇ ಮೆಟ್ಟಿಲು. ಎದುರಿನ ಭವಾನಿ ದ್ವೀಪದಲ್ಲಿ ಮರಗಳಿವೆ, ಬಯಲಿದೆ, ಹೋಗಲು ದೋಣಿ ಹತ್ತಬೇಕು. ಅದೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶಾಲೆಗಳಿಗೆ ಹೇಳಿದ್ದು ಬರೀ ಪ್ರವೇಶ ಕೊಡಿ ಎಂದಲ್ಲ. ಆಟ, ಮನರಂಜನೆಯ ಅವಕಾಶವೂ ಉಳಿದವರಂತೆಯೇ ಸಿಗಬೇಕು ಎಂದು. ಆಂಧ್ರದ ಮಂಡಲಗಳಲ್ಲಿ ಈ ಮಕ್ಕಳಿಗೆಂದೇ 'ಭವಿತ' ಕೇಂದ್ರಗಳಿವೆ. ಅಲ್ಲಿನ ಶಿಕ್ಷಕರು ವಾರಕ್ಕೊಂದು ದಿನ ಮಕ್ಕಳನ್ನು ನದಿಗೆ ಕರೆತರುವಂತಾಗಲಿ. ಅದಕ್ಕೆ ಬೇಕಾದದ್ದು ಒಂದು ವಾಹನ, ಜೊತೆಗೆ ಇಬ್ಬರು ಸಹಾಯಕರು, ದಡದಿಂದ ದೋಣಿಗೆ ಹಿಡಿಕೆಯಿರುವ ಅಗಲವಾದ ಹಲಗೆ.