ಎರೆನೆಲದ ದಾರಿಗೆ ತಕ್ಕ ಟೈರು

ವಿಜಯಪುರ ಜಿಲ್ಲೆಯ ಹಳೆಯ ಬಸವನಬಾಗೇವಾಡಿ ತಾಲ್ಲೂಕಿಗೆ ಸೇರಿದ ಮಸೂತಿಯ ಸುತ್ತಮುತ್ತಲಿನ ನೆಲ ಬಹುಪಾಲು ಎರೆಭೂಮಿ. ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್ ಶಿಲೆ ಕಾಲಾಂತರದಲ್ಲಿ ಶಿಥಿಲವಾಗಿ ಉಂಟಾದ ಈ ಕಪ್ಪು ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿರುವುದರಿಂದ, ಅದು ನೀರು ಹೀರಿಕೊಂಡಾಗ ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಕುಗ್ಗಿ ಅಂಗೈ ಹಿಡಿಸುವಷ್ಟು ಅಗಲಕ್ಕೆ ಬಿರಿಯುತ್ತದೆ. ಸೆಪ್ಟೆಂಬರಿನಲ್ಲಿ ಉತ್ತರಿ ಮಳೆ ಹಿಡಿದಾಗ ರಾಡಿಯಾಗುವ ಹೊಲದ ದಾರಿಯೇ ಮಾರ್ಚ್ ತಿಂಗಳಿನ ಹೊತ್ತಿಗೆ ಚಕ್ಕಡಿ ಮತ್ತು ಟ್ರ್ಯಾಕ್ಟರುಗಳ ಗಾಲಿ ಜಾಡುಗಳನ್ನು ಹಾಗೆಯೇ ಹಿಡಿದಿಟ್ಟುಕೊಂಡು ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ. ಬೊಲೆರೊ, ಥಾರ್, ಕ್ರೂಸರ್‌ನಂತಹ ವಾಹನಗಳನ್ನು ಇಂತಹ ದಾರಿಯಲ್ಲಿ ನಿತ್ಯವೂ ಓಡಿಸುವವರು ಟೈರನ್ನು ಆರಿಸುವಾಗ ಅಂಗಡಿಯಲ್ಲಿ ತೂಗುಹಾಕಿದ ಟೈರಿನ ಒರಟು ಹಲ್ಲುಗಳನ್ನು ನೋಡುವುದಕ್ಕಿಂತ ಮೊದಲು ತಮ್ಮ ದಾರಿಯ ಮಣ್ಣನ್ನು ನೋಡಬೇಕು; ಪ್ರಯಾಣದ ಸುಖವನ್ನು ನಿರ್ಧರಿಸುವುದು ಹಲ್ಲುಗಳಲ್ಲ, ಟೈರಿನ ಪಕ್ಕಗೋಡೆ ಮತ್ತು ಅದರೊಳಗಿನ ಹವಾ.

ಜೀಪಿನ ಮಾದರಿಯ ವಾಹನಗಳಿಗೆ ದೊರೆಯುವ ಟೈರುಗಳಲ್ಲಿ ಸ್ಥೂಲವಾಗಿ ಮೂರು ಬಗೆಗಳಿವೆ. ಹೆದ್ದಾರಿಗೆಂದು ಮಾಡಿದ ಎಚ್.ಟಿ. ಟೈರಿನಲ್ಲಿ ಗೀರುಗಳು ಕಿರಿದಾಗಿದ್ದು ರಬ್ಬರಿನ ಮೈ ಹೆಚ್ಚು ಭಾಗ ರಸ್ತೆಯನ್ನು ಮುಟ್ಟುತ್ತದೆ. ಕೆಸರಿಗೆಂದು ಮಾಡಿದ ಎಂ.ಟಿ. ಟೈರಿನಲ್ಲಿ ದೊಡ್ಡ ದೊಡ್ಡ ಗಡ್ಡೆಗಳ ನಡುವೆ ಅಗಲವಾದ ಸಂದುಗಳಿರುತ್ತವೆ; ಇವೆರಡರ ನಡುವೆ ನಿಲ್ಲುವುದೇ ಎಲ್ಲ ಬಗೆಯ ನೆಲಕ್ಕೂ ಸಲ್ಲುತ್ತದೆಂದು ಹೇಳಲಾಗುವ ಆಲ್ ಟೆರೇನ್, ಅಂದರೆ ಎ.ಟಿ. ಟೈರು. ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿ 1976ರಲ್ಲಿ ಈ ಹೆಸರಿನ ರೇಡಿಯಲ್ ಟೈರನ್ನು ಮಾರುಕಟ್ಟೆಗೆ ತಂದ ಮೇಲೆ ಈ ವರ್ಗ ಜಗತ್ತಿನಾದ್ಯಂತ ಬೆಳೆಯಿತು. ಇಂದು ಭಾರತದಲ್ಲಿ ಎಂ.ಆರ್.ಎಫ್., ಅಪೊಲೊ, ಸಿಯೆಟ್, ಜೆ.ಕೆ. ಕಂಪನಿಗಳೆಲ್ಲವೂ ಎ.ಟಿ. ಟೈರುಗಳನ್ನು ಮಾರುತ್ತಿವೆ. ಇವುಗಳಲ್ಲಿ ಜೆ.ಕೆ. ಟೈರ್ ಕಂಪನಿ 1997ರಲ್ಲಿ ಮೈಸೂರಿನ ವಿಕ್ರಾಂತ್ ಟೈರ್ಸ್ ಅನ್ನು ವಶಕ್ಕೆ ಪಡೆದ ಕಾರಣ ಕರ್ನಾಟಕದ ಓದುಗರಿಗೆ ಅದರ ಹೆಸರು ಹೊಸದಲ್ಲ.

ಎಲ್ಲ ನೆಲಕ್ಕೂ ಎಂಬ ಮಾತು ಎರೆಭೂಮಿಯ ಮಟ್ಟಿಗೆ ಪೂರ್ತಿ ನಿಜವಲ್ಲ. ಹಸಿ ಎರೆಯಲ್ಲಿ ಗಾಲಿ ಒಂದೆರಡು ಸುತ್ತು ತಿರುಗುವಷ್ಟರಲ್ಲಿ ಗಡ್ಡೆಗಳ ನಡುವಿನ ಸಂದುಗಳೆಲ್ಲ ಜೇಡಿಯಿಂದ ತುಂಬಿಹೋಗಿ, ಟೈರಿನ ಮೈ ಮೆತ್ತಿದ ಗೋಡೆಯಂತೆ ನುಣುಪಾಗುತ್ತದೆ. ಮೆತ್ತಿಕೊಂಡ ಮಣ್ಣಿನ ಮೇಲೆ ಮತ್ತಷ್ಟು ಮಣ್ಣು ಅಂಟುತ್ತ ಗಾಲಿ ದಪ್ಪವಾಗುತ್ತದೆ, ಮಡ್‌ಗಾರ್ಡಿನೊಳಗಿನ ಜಾಗ ತುಂಬಿ, ಕೊನೆಗೆ ಗಾಲಿ ತಿರುಗುವುದೇ ನಿಲ್ಲುತ್ತದೆ. ಸಂದುಗಳು ಅಗಲವಾಗಿದ್ದು ಗಾಲಿ ವೇಗವಾಗಿ ತಿರುಗಿದರೆ ಮಣ್ಣು ಸಿಡಿದು ಹೊರಬೀಳುತ್ತದೆ, ಎಂ.ಟಿ. ಟೈರಿನ ಗುಣ ಇರುವುದು ಇಲ್ಲಿ. ಎ.ಟಿ. ಟೈರಿನ ಸಂದುಗಳು ಅಷ್ಟು ಅಗಲವಲ್ಲದ ಕಾರಣ ಅದು ಮರಳು, ಗರಸು, ಹುಲ್ಲುನೆಲಗಳಲ್ಲಿ ತೋರುವ ಹಿಡಿತವನ್ನು ಹಸಿ ಎರೆಯಲ್ಲಿ ತೋರಲಾರದು. ಹಾಗೆಂದು ಮಳೆಗಾಲದ ಕೆಲವು ವಾರಗಳಿಗಾಗಿ ವರ್ಷವಿಡೀ ಎಂ.ಟಿ. ಟೈರಿನ ಗದ್ದಲ, ಕುಲುಕಾಟ, ಹೆಚ್ಚು ಡೀಸೆಲ್ ಖರ್ಚು ಇವನ್ನೆಲ್ಲ ಹೊತ್ತುಕೊಳ್ಳುವುದು ಜಾಣತನವೆನಿಸದು. ನೆಲ ತೊಯ್ದಾಗ ಎರೆಹೊಲಕ್ಕೆ ಗಾಲಿ ಇಳಿಸಬಾರದೆಂಬುದು ಇಲ್ಲಿನ ಒಕ್ಕಲಿಗರು ಚಕ್ಕಡಿಯ ಕಾಲದಿಂದ ಪಾಲಿಸಿಕೊಂಡು ಬಂದ ವಿವೇಕ, ಮತ್ತು ಹಾಗೆ ಇಳಿದ ಭಾರದ ವಾಹನ ದಾರಿಯನ್ನೇ ಮುಂದಿನ ಮಳೆಯವರೆಗೆ ಕೆಡಿಸಿಡುತ್ತದೆ.

ನೀರಾವರಿ ಬಂದ ಮೇಲೆ ಈ ಲೆಕ್ಕ ಸ್ವಲ್ಪ ಬದಲಾಗಿದೆಯೆಂಬುದನ್ನೂ ಹೇಳಬೇಕು. ಆಲಮಟ್ಟಿ ಜಲಾಶಯದ ಹಿನ್ನೀರನ್ನು ಎತ್ತುವ ಮುಳವಾಡ ಏತ ನೀರಾವರಿ ಯೋಜನೆಯ ಒಂದು ಜಾಕ್‌ವೆಲ್ ಮಸೂತಿಯಲ್ಲಿಯೇ ಇದೆ. ಕಾಲುವೆಯ ನೀರು ಹರಿದ ಕಡೆ ಒಣಬೇಸಾಯದ ಬಿಳಿಜೋಳ, ಕಡಲೆಗಳ ಜೊತೆಗೆ ಕಬ್ಬೂ ಕಾಣುತ್ತದೆ, ನೀರು ಬಿಟ್ಟ ಹೊಲದ ಅಂಚಿನ ದಾರಿ ಬೇಸಿಗೆಯಲ್ಲಿಯೂ ಹಸಿಯಾಗಿರಬಹುದು. ಆದರೂ ಕಾಲುವೆಯ ಏರಿಯ ಮೇಲಿನ ದಾರಿಗೆ ಸಾಮಾನ್ಯವಾಗಿ ಗರಸು ಹಾಕಿರುವುದರಿಂದ, ಸ್ವಲ್ಪ ಸುತ್ತಾದರೂ ಏರಿಯ ಮೇಲಿಂದಲೇ ಹೊಲ ಮುಟ್ಟುವವರಿಗೆ ಎ.ಟಿ. ಟೈರು ಸಾಕಾಗುತ್ತದೆ.

ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಈ ಭಾಗದ ವಾಹನ ಎದುರಿಸುವುದು ಕೆಸರನ್ನಲ್ಲ, ಒಣ ಹೆಂಟೆಗಳನ್ನು, ಗಟ್ಟಿ ಜಾಡುಗಳನ್ನು, ಚೂಪಾದ ಕರಿಕಲ್ಲನ್ನು, ಕಬ್ಬಿನ ಟ್ರ್ಯಾಕ್ಟರುಗಳ ಓಡಾಟದಿಂದ ತಗ್ಗು ಬಿದ್ದ ಡಾಂಬರನ್ನು. ಇಂತಹ ದಾರಿಯಲ್ಲಿ ಮೊದಲ ಪೆಟ್ಟನ್ನು ತಿನ್ನುವುದು ಟೈರು. ಅದು ನುಂಗಿ ಉಳಿದದ್ದು ಮಾತ್ರ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳಿಗೆ, ಅಲ್ಲಿಂದ ಕುಳಿತವರ ಬೆನ್ನಿಗೆ ತಲುಪುತ್ತದೆ. ಕಬ್ಬಿಣದ ಪಟ್ಟಿಯ ಚಕ್ಕಡಿ ಹೋಗಿ ಟೈರಿನ ಚಕ್ಕಡಿ ಬಂದಾಗ ಎತ್ತು ಮತ್ತು ಮನುಷ್ಯರಿಬ್ಬರಿಗೂ ಆದ ಹಗುರವು 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಹವಾ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಉಪಾಯದ ಫಲವೇ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ರಚನೆ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿತು. ಹಳೆಯ ರಚನೆಯಲ್ಲಿ ಟೈರಿನೊಳಗಿನ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ಹಾಯ್ದು ಇಡೀ ಟೈರನ್ನು ಬಿಗಿಯಾಗಿಸುತ್ತಿದ್ದವು. ರೇಡಿಯಲ್‌ನಲ್ಲಿ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಸಾಗುತ್ತವೆ, ನೆಲ ಮುಟ್ಟುವ ಮೈಯ ಕೆಳಗೆ ಮಾತ್ರ ಉಕ್ಕಿನ ಪಟ್ಟಿ ಇರುತ್ತದೆ, ಆದ್ದರಿಂದ ಪಕ್ಕಗೋಡೆ ಸಲೀಸಾಗಿ ಬಾಗಿ ಪೆಟ್ಟನ್ನು ನುಂಗುತ್ತದೆ.

ಈ ಪಕ್ಕಗೋಡೆಯ ಎತ್ತರವನ್ನು ಟೈರಿನ ಮೇಲಿನ ಅಂಕಿಗಳಿಂದಲೇ ತಿಳಿಯಬಹುದು. ಬೊಲೆರೊಗೆ ಬರುವ 215/75 ಆರ್ 15 ಅಳತೆಯಲ್ಲಿ 215 ಎಂಬುದು ಟೈರಿನ ಅಗಲ ಮಿಲಿಮೀಟರುಗಳಲ್ಲಿ, 75 ಎಂಬುದು ಆ ಅಗಲದ ಶೇಕಡಾ ಎಷ್ಟು ಪಕ್ಕಗೋಡೆ ಎತ್ತರವಿದೆಯೆಂಬುದು, ಆರ್ ಎಂದರೆ ರೇಡಿಯಲ್, 15 ಎಂದರೆ ರಿಮ್ಮಿನ ವ್ಯಾಸ ಇಂಚುಗಳಲ್ಲಿ. ಅಂದರೆ ಇಲ್ಲಿ ಪಕ್ಕಗೋಡೆ ಸುಮಾರು 161 ಮಿಲಿಮೀಟರು. 2020ರ ಥಾರ್ ವಾಹನದ ಒಂದು ಮಾದರಿಗೆ 245/75 ಆರ್ 16, ಇನ್ನೊಂದಕ್ಕೆ 255/65 ಆರ್ 18 ಟೈರುಗಳನ್ನು ಕಂಪನಿ ಕೊಟ್ಟಿತ್ತು. ಲೆಕ್ಕ ಹಾಕಿದರೆ ಎರಡರ ಒಟ್ಟು ವ್ಯಾಸದಲ್ಲಿ ಇರುವುದು ಸುಮಾರು ಒಂದೂವರೆ ಸೆಂಟಿಮೀಟರಿನ ವ್ಯತ್ಯಾಸ, ಆದರೆ 16 ಇಂಚಿನ ರಿಮ್ಮಿನ ಟೈರಿಗೆ ಸುಮಾರು 184 ಮಿಲಿಮೀಟರು ಪಕ್ಕಗೋಡೆಯಿದ್ದರೆ 18 ಇಂಚಿನದಕ್ಕೆ 166 ಮಾತ್ರ. ದೊಡ್ಡ ರಿಮ್ಮು ಕಣ್ಣಿಗೆ ಎಷ್ಟೇ ಚೆಂದವಿರಲಿ, ಹೆಂಟೆಯ ದಾರಿಯಲ್ಲಿ ಮೈಗೆ ಹಿತವಾಗುವುದು ಚಿಕ್ಕ ರಿಮ್ಮು ಮತ್ತು ಎತ್ತರದ ಪಕ್ಕಗೋಡೆಯೇ.

ಪಕ್ಕಗೋಡೆಯ ಎತ್ತರದಷ್ಟೇ ಅದರ ಬಿಗುವೂ ಮುಖ್ಯ. ಒಂದೇ ಅಳತೆಯ ಎ.ಟಿ. ಟೈರು ಸಾಧಾರಣ ರಚನೆಯಲ್ಲಿಯೂ, ಅಳತೆಯ ಮುಂದೆ ಎಲ್.ಟಿ. ಎಂಬ ಗುರುತಿರುವ ಭಾರವಾಹಕ ರಚನೆಯಲ್ಲಿಯೂ ದೊರೆಯಬಹುದು. ಎಲ್.ಟಿ. ಟೈರಿನ ಮೈ ದಪ್ಪವಾಗಿದ್ದು ಕಲ್ಲಿನ ಕೊಯ್ತವನ್ನು ಚೆನ್ನಾಗಿ ತಾಳುತ್ತದೆ, ಆದರೆ ತೂಕ ಹೆಚ್ಚು, ಬಾಗುವುದು ಕಡಿಮೆ. ಬೊಲೆರೊದಂತೆ ಹಿಂದೆ ಪಾಟಾ ಸ್ಪ್ರಿಂಗು ಇರುವ ವಾಹನ ಖಾಲಿಯಿದ್ದಾಗ ಮೊದಲೇ ಪುಟಿಯುತ್ತಿರುತ್ತದೆ. ಅದಕ್ಕೆ ಬಿಗಿಯಾದ, ಭಾರವಾದ ಟೈರು ಸೇರಿದರೆ ಹಿಂದಿನ ಸೀಟಿನಲ್ಲಿ ಕುಳಿತ ಮುದುಕರಿಗೆ, ಬಸುರಿಯರಿಗೆ ಊರಿಂದ ಆಸ್ಪತ್ರೆಯವರೆಗಿನ ದಾರಿ ನಿಜವಾದ ಕಷ್ಟ. ನಿತ್ಯ ಭಾರ ಹೇರುವವರು, ಕಲ್ಲುಗಣಿಯ ಕಡೆ ಓಡಾಡುವವರು ಎಲ್.ಟಿ. ಕೊಳ್ಳಲಿ, ಮನೆಮಂದಿಯನ್ನು ಕರೆದೊಯ್ಯುವ ವಾಹನಕ್ಕೆ ಸಾಧಾರಣ ರಚನೆಯ ಎ.ಟಿ. ಟೈರೇ ಮೇಲು.

ಒಳ್ಳೆಯ ಟೈರು ಕೊಂಡ ಬಳಿಕವೂ ಹವಾ ತಪ್ಪಿದರೆ ಕೊಟ್ಟ ಹಣ ವ್ಯರ್ಥ. ವಾಹನದ ಕಂಪನಿ ಹೇಳಿದ ಹವಾ ಒತ್ತಡವನ್ನು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಪಿ.ಎಸ್.ಐ. ಎಂಬ ಮಾನದಲ್ಲಿ ಮುದ್ರಿಸಿರುತ್ತಾರೆ. ಟೈರಿನ ಮೈಮೇಲೆ ಬರೆದಿರುವುದು ಗರಿಷ್ಠ ಮಿತಿಯೇ ಹೊರತು ತುಂಬಿಸಬೇಕಾದ ಪ್ರಮಾಣವಲ್ಲ. ಒತ್ತಡವನ್ನು ಬೆಳಿಗ್ಗೆ ಗಾಡಿ ಓಡುವ ಮೊದಲೇ ಅಳೆಯಬೇಕು, ಏಕೆಂದರೆ ತಾಪಮಾನ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು 1 ಪಿ.ಎಸ್.ಐ. ಏರುತ್ತದೆ, ವಿಜಯಪುರದ ಬೇಸಿಗೆಯಂತೂ 40 ಡಿಗ್ರಿ ದಾಟುತ್ತದೆ. ಗರಸು ಮತ್ತು ಹೆಂಟೆಯ ದಾರಿಯಲ್ಲಿ ಬಹಳ ದೂರ ಹೋಗುವುದಿದ್ದರೆ, ಭಾರ ಹೆಚ್ಚಿಲ್ಲದಿದ್ದಾಗ, ಸಾಮಾನ್ಯ ಒತ್ತಡದ ನಾಲ್ಕನೆಯ ಒಂದು ಭಾಗದಷ್ಟನ್ನು ಇಳಿಸಿದರೆ ಟೈರು ನೆಲದ ಮೇಲೆ ಉದ್ದವಾಗಿ ಹರಡಿಕೊಂಡು ಚಿಕ್ಕ ಕಲ್ಲುಗಳನ್ನು ತನ್ನೊಳಗೆ ಅಡಗಿಸಿಕೊಂಡು ಸಾಗುತ್ತದೆ. ಹೊಸ ಟೈರಿಗೆ ಸುರಿಯುವ ಸಾವಿರಾರು ರೂಪಾಯಿ ಕೊಡದ ಸುಖವನ್ನು ಈ ಖರ್ಚಿಲ್ಲದ ಕೆಲಸ ಎಷ್ಟೋ ಬಾರಿ ಕೊಡುತ್ತದೆ. ಆದರೆ ಹಾಗೆ ಇಳಿಸಿದ ಹವಾದಲ್ಲಿ ವೇಗವಾಗಿ ಓಡಿಸಬಾರದು. ವಿಜಯಪುರದಿಂದ ಹೊಸಪೇಟೆಯ ಕಡೆಗೆ ಸಾಗುವ 50ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಏರುವ ಮೊದಲು ಮತ್ತೆ ತುಂಬಿಸಲೇಬೇಕು, ಇಲ್ಲವಾದರೆ ಪಕ್ಕಗೋಡೆ ಅತಿಯಾಗಿ ಬಾಗಿ ಕಾದು ಟೈರು ಒಡೆಯುವ ಅಪಾಯವಿದೆ. ಹನ್ನೆರಡು ವೋಲ್ಟಿನ ಸಣ್ಣ ಪಂಪು ಮತ್ತು ಒಂದು ಮಾಪಕ ಗಾಡಿಯಲ್ಲಿ ಇಟ್ಟುಕೊಳ್ಳದವರು ಹವಾ ಇಳಿಸುವ ಗೊಡವೆಗೆ ಹೋಗದಿರುವುದು ಒಳ್ಳೆಯದು.

ಬಳ್ಳಾರಿ ಜಾಲಿಯ ಮುಳ್ಳು ಈ ಸೀಮೆಯ ಇನ್ನೊಂದು ಕಾಟ. ಒಡ್ಡಿನ ಪಕ್ಕದ ಜಾಲಿಯನ್ನು ಕಡಿದು ದಾರಿಯಲ್ಲೇ ಚೆಲ್ಲಿದಾಗ ಒಣಗಿದ ಮುಳ್ಳು ಟೈರಿಗೆ ನೆಟ್ಟು ನಿಲ್ಲುತ್ತದೆ. ಟ್ಯೂಬ್‌ಲೆಸ್ ಟೈರಿನಲ್ಲಿ ನೆಲ ಮುಟ್ಟುವ ಮೈಗೆ ಚುಚ್ಚಿದ ಪಂಕ್ಚರನ್ನು ಸುಲಭವಾಗಿ ಮುಚ್ಚಬಹುದು, ಪಕ್ಕಗೋಡೆ ಹರಿದರೆ ಮಾತ್ರ ಆ ಟೈರನ್ನು ಬಿಡಬೇಕಾಗುತ್ತದೆ. ಕರಿಕಲ್ಲಿನ ದಾರಿಯಲ್ಲಿ ಜಾಡಿನ ಅಂಚಿಗೆ ಪಕ್ಕಗೋಡೆ ಉಜ್ಜುವಂತೆ ಓಡಿಸುವುದು ಮುಳ್ಳಿಗಿಂತ ದೊಡ್ಡ ನಷ್ಟ ತರುತ್ತದೆ.

ಕೊಳ್ಳುವಾಗ ನೋಡಬೇಕಾದ ಗುರುತುಗಳು ಕೆಲವೇ. ಐ.ಎಸ್.ಐ. ಮುದ್ರೆ ಇರಲೇಬೇಕು. ತಯಾರಾದ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ. 3223 ಎಂದರೆ 2023ನೆಯ ಇಸವಿಯ 32ನೆಯ ವಾರ. ಅಳತೆಯ ನಂತರ ಬರುವ 100 ಎಸ್ ಎಂಬಂತಹ ಗುರುತಿನಲ್ಲಿ 100 ಎಂದರೆ ಟೈರೊಂದು 800 ಕಿಲೋ ಹೊರಬಲ್ಲದು, ಎಸ್ ಎಂದರೆ ಗಂಟೆಗೆ 180 ಕಿಲೋಮೀಟರು ವೇಗ ತಾಳಬಲ್ಲದು. ಹಳೆಯ ಟೈರಿನ ಭಾರದ ಅಂಕಿಗಿಂತ ಕಡಿಮೆಯದನ್ನು ಹಾಕಿಸಬಾರದು. ಅಳತೆಯನ್ನು ಹಿಗ್ಗಿಸುವ ಆಸೆಯನ್ನಂತೂ ಬಿಡುವುದೇ ಲೇಸು, ಏಕೆಂದರೆ ಸ್ಪೀಡೊಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ, ತಗ್ಗಿಗೆ ಬಿದ್ದಾಗ ಟೈರು ಮಡ್‌ಗಾರ್ಡಿಗೆ ತಗಲುತ್ತದೆ, ಮತ್ತು ಕಂಪನಿಯ ಮೂಲ ವಿವರಗಳಿಗೆ ಹೊರತಾದ ಮಾರ್ಪಾಟುಗಳನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿರ್ಬಂಧಿಸುತ್ತದೆ. ಕಾನೂನಿನ ಪ್ರಕಾರ ಹಲ್ಲಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು, ಆದರೆ ಗರಸಿನ ದಾರಿಯಲ್ಲಿ ಎ.ಟಿ. ಟೈರು ತನ್ನ ಹಿಡಿತವನ್ನು ಅದಕ್ಕಿಂತ ಬಹಳ ಮೊದಲೇ ಕಳೆದುಕೊಂಡಿರುತ್ತದೆ.

ಬಸವನಬಾಗೇವಾಡಿ, ವಿಜಯಪುರಗಳ ನಡುವೆ ಡಾಂಬರಿನ ಮೇಲೆಯೇ ಜನರನ್ನು ಸಾಗಿಸುವ ಕ್ರೂಸರಿಗೆ ಎ.ಟಿ. ಟೈರಿನ ಅಗತ್ಯವೇ ಇಲ್ಲ, ಎಚ್.ಟಿ. ಟೈರು ಅದಕ್ಕೆ ಸದ್ದಿಲ್ಲದ ಓಟವನ್ನೂ ಹೆಚ್ಚು ಮೈಲೇಜನ್ನೂ ಕೊಡುತ್ತದೆ. ನಿತ್ಯ ಹೊಲಕ್ಕೆ, ಕಾಲುವೆಯ ಏರಿಗೆ, ಹಳ್ಳ ದಾಟಿ ತೋಟದ ಮನೆಗೆ ಹೋಗಿಬರುವ ಗಾಡಿಗಾದರೆ ಕಂಪನಿಯ ಮೂಲ ಅಳತೆಯಲ್ಲಿ, ಸಾಧಾರಣ ರಚನೆಯಲ್ಲಿ, ಗಡ್ಡೆಗಳು ತೀರಾ ಒರಟಲ್ಲದ ಎ.ಟಿ. ಟೈರುಗಳನ್ನು ನಾಲ್ಕೂ ಗಾಲಿಗೆ ಒಟ್ಟಿಗೆ ಹಾಕಿಸಿ, ಸ್ಟೆಪ್ನಿಯನ್ನೂ ಅದೇ ಅಳತೆಯಲ್ಲಿ ಇಟ್ಟುಕೊಂಡು, ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನವನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಬದಲಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಗಡ್ಡೆಗಳು ಒಂದೇ ಕಡೆ ಸವೆದು, ಹೊಸದರಲ್ಲಿ ಇಲ್ಲದ ಗುಂಯ್ಯೆನ್ನುವ ಸದ್ದು ಡಾಂಬರಿನ ಮೇಲೆ ಹುಟ್ಟಿಕೊಳ್ಳುತ್ತದೆ.